ಸಮಯದ ಅಂಕಣವಿಲ್ಲದ ನಮೂನೆ: ಆರೋಗ್ಯ ಸಚಿವರಿಗೆ ಅರಿವಳಿಕೆ ವೈದ್ಯೆಯೊಬ್ಬಳ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ಪ್ರತಿ ತಿಂಗಳ ಕೊನೆಗೆ ನಾನು ಒಂದು ನಮೂನೆ ತುಂಬುತ್ತೇನೆ. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಆಸ್ಪತ್ರೆಯಿಂದ ಕರೆ ಬಂದಾಗ ಹೋಗಿ ಅರಿವಳಿಕೆ ಕೊಡುವ ವೈದ್ಯೆ ನಾನು. ಕಾಯಂ ನೌಕರಿಯಲ್ಲ, ಕೇಸಿಗೆ ಇಷ್ಟೆಂದು ಗೌರವಧನ. ನಮೂನೆಯಲ್ಲಿ ಆರು ಅಂಕಣಗಳಿವೆ: ಕ್ರಮಸಂಖ್ಯೆ, ದಿನಾಂಕ, ರೋಗಿಯ ಹೆಸರು, ಶಸ್ತ್ರಚಿಕಿತ್ಸೆ, ಅರಿವಳಿಕೆಯ ವಿಧ, ಮೊತ್ತ. ವಿಧ ಎಂದಿರುವಲ್ಲಿ 'ಸ್ಪೈನಲ್' (ಬೆನ್ನಿಗೆ ಚುಚ್ಚಿ ಕೆಳಮೈ ಮರಗಟ್ಟಿಸುವುದು) ಎಂದೋ 'ಜಿಎ' (ಪೂರ್ಣ ಅರಿವಳಿಕೆ) ಎಂದೋ ಬರೆದರೆ ಸಾಕು. ಎಷ್ಟು ಹೊತ್ತಿಗೆ ಬಂದೆ, ಎಷ್ಟು ಹೊತ್ತಿಗೆ ಹೊರಟೆ, ಮರುದಿನ ರೋಗಿ ಹೇಗಿದ್ದಳು ಎಂದು ಬರೆಯಲು ಜಾಗವಿಲ್ಲ. ಆ ಇಲ್ಲದ ಜಾಗದ ಬಗ್ಗೆ ಈ ಪತ್ರ.

ಗುಮಾಸ್ತರ ಮೇಜಿನ ವಿಷಯವನ್ನು ಸಚಿವರ ತನಕ ಒಯ್ಯಬೇಕೇ ಎಂದು ಹಿತೈಷಿಗಳು ಕೇಳಿದರು. ಗುಮಾಸ್ತರ ಮೇಜಿನ ಬಳಿ ಮೂರು ವರ್ಷ ನಿಂತು ನೋಡಿದ ಮೇಲೆಯೇ ಇಲ್ಲಿಗೆ ಬಂದಿದ್ದೇನೆ. ಗೌರವಧನ ಹೆಚ್ಚಿಸಿ ಎಂದು ಕೇಳಲು ಬರೆಯುತ್ತಿಲ್ಲ. ಹೆಚ್ಚಿಸಿದರೆ ಬೇಡವೆನ್ನುವಷ್ಟು ದೊಡ್ಡವಳೂ ನಾನಲ್ಲ.

ನಮ್ಮ ಕಡೆ ನನ್ನನ್ನು 'ಮತ್ತು ಕೊಡುವ ಡಾಕ್ಟರಮ್ಮ' ಎನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಮತ್ತು ಕೊಡಲು ಐದು ನಿಮಿಷ ಸಾಕು, ಉಳಿದ ಹೊತ್ತೆಲ್ಲ ಆ ಮತ್ತಿನೊಳಗಿರುವ ಜೀವವನ್ನು ಕಾಯುವ ಕೆಲಸ. ಪೂರ್ಣ ಅರಿವಳಿಕೆ ಎಂದರೆ ಒಂದು ಇಂಜೆಕ್ಷನ್ ಚುಚ್ಚಿ ಮಲಗಿಸುವುದು ಎಂದು ಜನ ತಿಳಿದಿದ್ದಾರೆ. ನಾವು ಮೂರು ಬೇರೆ ಬೇರೆ ಕೆಲಸಗಳನ್ನು ಬೇರೆ ಬೇರೆ ಮದ್ದುಗಳಿಂದ ಮಾಡಿಸುತ್ತೇವೆ. ಎಚ್ಚರ ಹೋಗಬೇಕು, ಅದಕ್ಕೆ ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್. ಎಚ್ಚರವಿಲ್ಲದ ದೇಹವೂ ಚಾಕುವಿನ ಪೆಟ್ಟನ್ನು ಅರಿಯುತ್ತದೆ, ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ. ಅದನ್ನು ತಣಿಸಲು ಫೆಂಟನಿಲ್‌ನಂಥ ನೋವಿನ ಮದ್ದು. ಹೊಟ್ಟೆಯ ಸ್ನಾಯು ಬಿಗಿದುಕೊಂಡಿದ್ದರೆ ಸರ್ಜನ್ನರ ಕೈ ಆಡುವುದಿಲ್ಲ, ಆದ್ದರಿಂದ ಅದನ್ನು ಸಡಿಲಿಸುವ ಮದ್ದು. ಈ ಮೂರನೆಯದರ ಮೂಲಪುರುಷ ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ಎಂಬ ವಿಷ. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವೈದ್ಯರು ಅದನ್ನು ಶಸ್ತ್ರಚಿಕಿತ್ಸೆಗೆ ತಂದರು. ಅದು ರಕ್ತಕ್ಕೆ ಸೇರಿದ ಮೇಲೆ ಎದೆಯ ಸ್ನಾಯುವೂ ನಿಲ್ಲುತ್ತದೆ. ಅಲ್ಲಿಂದ ಮುಂದೆ ರೋಗಿಯ ಉಸಿರು ನನ್ನ ಕೈಯಲ್ಲಿರುವ ರಬ್ಬರ್ ಚೀಲದಲ್ಲಿ ಇರುತ್ತದೆ, ಅಥವಾ ನಾನು ಹೊಂದಿಸಿಟ್ಟ ಯಂತ್ರದಲ್ಲಿ.

ಆಪರೇಷನ್ ಥಿಯೇಟರಿನಲ್ಲಿ ನಾನು ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುತ್ತೇನೆ. ಕೊರೊನಾ ಕಾಲದಲ್ಲಿ ಮನೆ ಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ನಿಮಗೆ ನೆನಪಿರಬಹುದು. ಥಿಯೇಟರಿನಲ್ಲಿರುವ ಅದರ ಅಣ್ಣ ಪ್ರತಿ ನಾಡಿಮಿಡಿತಕ್ಕೂ ಒಮ್ಮೆ ಸದ್ದು ಮಾಡುತ್ತಾನೆ, ರಕ್ತದಲ್ಲಿ ಆಮ್ಲಜನಕ ಇಳಿದಂತೆ ಆ ಸದ್ದಿನ ಶ್ರುತಿಯೂ ಇಳಿಯುತ್ತದೆ. ನರ್ಸ್ ಹತ್ತಿ ಎಣಿಸುತ್ತಿರಲಿ, ಸರ್ಜನ್ ತಮ್ಮ ಮಗಳ ಸೀಟಿನ ಕಥೆ ಹೇಳುತ್ತಿರಲಿ, ಶ್ರುತಿ ಒಂದಿಷ್ಟು ಜಾರಿದರೆ ನನ್ನ ಕುತ್ತಿಗೆ ತಾನಾಗಿ ಅತ್ತ ತಿರುಗುತ್ತದೆ. ಸಂಗೀತದ ಪಾಠಕ್ಕೆ ಕಳಿಸಿದಾಗ ಮೂರೇ ತಿಂಗಳಿಗೆ ಬಿಟ್ಟು ಬಂದವಳು ನಾನು.

ಕೆಲಸ ಇಲ್ಲಿಂದ ಶುರುವಾಗುವುದೂ ಅಲ್ಲ, ಹಿಂದಿನ ದಿನವೇ ಶುರುವಾಗಬೇಕು. ನಮ್ಮದು ಅಡಿಕೆಯ ಸೀಮೆ. ಇಪ್ಪತ್ತು ವರ್ಷ ಅಡಿಕೆ, ಗುಟ್ಕಾ ಜಗಿದವರ ಬಾಯಿಯ ಒಳಪೊರೆ ಹಗ್ಗದಂತೆ ಬಿಗಿದುಕೊಂಡು ಬಾಯಿಯೇ ತೆರೆಯುವುದಿಲ್ಲ. ಸಾಮಾನ್ಯವಾಗಿ ನಮ್ಮದೇ ಮೂರು ಬೆರಳು ಅಡ್ಡಲಾಗಿ ಬಾಯಿಯೊಳಗೆ ಹಿಡಿಯಬೇಕು. ಹರ್ನಿಯಾಕ್ಕೆಂದು ಬಂದ ರೈತರೊಬ್ಬರಿಗೆ ಒಂದು ಬೆರಳೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ಸರ್ಜನ್ ಅವರ ಹೊಟ್ಟೆ ನೋಡಿದ್ದರು, ಬಾಯಿಯನ್ನು ಯಾರೂ ನೋಡಿರಲಿಲ್ಲ. ಮದ್ದು ಕೊಟ್ಟು ಉಸಿರು ನಿಲ್ಲಿಸಿದ ಮೇಲೆ ಶ್ವಾಸನಾಳಕ್ಕೆ ನಳಿಕೆ ಇಳಿಸಲು ದಾರಿಯಿಲ್ಲ ಎಂದು ಗೊತ್ತಾದರೆ ಮುಂದಿನ ನಾಲ್ಕು ನಿಮಿಷ ಹೇಗಿರುತ್ತವೆ ಎಂದು ನಿಮಗೆ ವರ್ಣಿಸಲಾರೆ. ಹಿಂದಿನ ಸಂಜೆ ವಾರ್ಡಿಗೆ ಹೋಗಿ 'ಬಾಯಿ ತೆರೆಯಿರಿ ಯಜಮಾನರೇ' ಎಂದಿದ್ದರಿಂದ ಅದು ತಪ್ಪಿತು. ಅವರನ್ನು ಎಚ್ಚರದಲ್ಲೇ ನಳಿಕೆ ಇಳಿಸುವ ಸೌಕರ್ಯವಿರುವ ಕಡೆಗೆ ಕಳಿಸಿಕೊಟ್ಟೆ. ನಮೂನೆಯ ಪ್ರಕಾರ ಅಂದು ನಾನು ಏನೂ ಮಾಡಲಿಲ್ಲ. ಕೇಸು ಆಗಲಿಲ್ಲ, ಕ್ರಮಸಂಖ್ಯೆ ಹುಟ್ಟಲಿಲ್ಲ.

ಉಪವಾಸದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇದನ್ನು ಓದುವ ಸಾರ್ವಜನಿಕರ ಕಿವಿಗೂ ಬೀಳಲಿ. ಘನ ಆಹಾರ ಬಿಟ್ಟು ಕನಿಷ್ಠ ಆರು ಗಂಟೆ ಆಗಿರಬೇಕು. ಕರಿದದ್ದು, ಮಾಂಸ ತಿಂದಿದ್ದರೆ ಎಂಟು. ಬರಿಯ ನೀರನ್ನು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಮತ್ತಿನಲ್ಲಿ ಗಂಟಲಿನ ಕಾವಲು ಕೆಲಸ ಮಾಡುವುದಿಲ್ಲ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. 'ಪಾಪ, ಮಗು ಹಸಿದಿದೆ' ಎಂದು ಅಜ್ಜಿ ಸೆರಗಿನ ಮರೆಯಲ್ಲಿ ತಿನ್ನಿಸಿದ ಅರ್ಧ ಇಡ್ಲಿಯನ್ನು ಪತ್ತೆ ಹಚ್ಚಲು ನನಗೆ ಯಾವ ಯಂತ್ರವನ್ನೂ ಕೊಟ್ಟಿಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತು, ಊರು ಕೇರಿ ವಿಚಾರಿಸಿ, ಬೈಯುವುದಿಲ್ಲ ಎಂದು ಭರವಸೆ ಕೊಟ್ಟು ಬಾಯಿ ಬಿಡಿಸಬೇಕು. ಅದಕ್ಕೂ ಹೊತ್ತು ಬೇಕು.

ಈಗ ಸಿಸೇರಿಯನ್ನಿಗೆ ಬರೋಣ. ನನ್ನ ನಮೂನೆಯ ಬಹುಪಾಲು ಸಾಲುಗಳು ಅದರವೇ. ಬೆನ್ನಿನ ಕೆಳಭಾಗದಲ್ಲಿ, ಮೂಳೆಗಳ ನಡುವೆ, ಕೂದಲಿನಷ್ಟು ತೆಳುವೆನ್ನಬಹುದಾದ ಸೂಜಿ ಇಳಿಸಿ ಸುಮಾರು ಎರಡು ಮಿಲಿಲೀಟರ್ ಬುಪಿವಕೈನ್ ಎಂಬ ಮರಗಟ್ಟಿಸುವ ಮದ್ದು ಬಿಡುತ್ತೇವೆ. ಬಸುರಿ ಮೊದಲು ಕಾಲು ಬೆಚ್ಚಗಾಯಿತು ಎನ್ನುತ್ತಾಳೆ, ಆಮೇಲೆ ಭಾರವಾಯಿತು ಎನ್ನುತ್ತಾಳೆ. ಅದೇ ಹೊತ್ತಿಗೆ ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯಲು ತೊಡಗುತ್ತದೆ. ತುಂಬು ಗರ್ಭ ದೊಡ್ಡ ರಕ್ತನಾಳದ ಮೇಲೆ ಕುಳಿತಿರುವುದರಿಂದ ಅವಳನ್ನು ಕೊಂಚ ಎಡಕ್ಕೆ ವಾಲಿಸಿ, ಬಲ ಸೊಂಟದ ಕೆಳಗೆ ಮಡಿಸಿದ ಬಟ್ಟೆ ತುರುಕುತ್ತೇನೆ. ಯಂತ್ರ ಕೈಪಟ್ಟಿ ಬಿಗಿದು ಅಂಕಿ ತೋರಿಸುವುದಕ್ಕೆ ಮೊದಲೇ ಅವಳು 'ಮೇಡಂ, ವಾಂತಿ ಬರುವ ಹಾಗಾಗುತ್ತಿದೆ' ಎನ್ನುತ್ತಾಳೆ. ಅದು ಹೊಟ್ಟೆಯ ಮಾತಲ್ಲ, ಮಿದುಳಿಗೆ ರಕ್ತ ಸಾಲುತ್ತಿಲ್ಲ ಎಂಬ ಮಾತು. ಒತ್ತಡ ಏರಿಸುವ ಮದ್ದು ಅಷ್ಟರಲ್ಲಿ ಸಿರಿಂಜಿನಲ್ಲಿ ಸಿದ್ಧವಾಗಿರಬೇಕು. ಈ ಮಾತು ಕೇಳಲು ಅವಳ ತಲೆಯ ಬಳಿ ಒಬ್ಬರು ನಿಂತಿರಬೇಕು. ಸೂಜಿ ಚುಚ್ಚಿ ಕೈ ತೊಳೆದು ಹೋದವರಿಗೆ ಅದು ಕೇಳಿಸುವುದಿಲ್ಲ.

ಹೋದವರು ಎಂದು ಬರೆಯುವಾಗ ಕೈ ನಡುಗುತ್ತದೆ, ಏಕೆಂದರೆ ನಾನೂ ಹೋದವಳೇ.

ಹದಿನಾಲ್ಕು ವರ್ಷಗಳ ಹಿಂದಿನ ಮಾತು. ಹೆಸರು ಬೇಡ, ಒಂದು ಸಣ್ಣ ನರ್ಸಿಂಗ್ ಹೋಂ. ಇಪ್ಪತ್ತು ವಯಸ್ಸಿನ ಹುಡುಗನ ಅಪೆಂಡಿಕ್ಸ್ ತೆಗೆದಾಗಿತ್ತು. ನಳಿಕೆ ತೆಗೆದೆ, ಹೆಸರು ಕೇಳಿದೆ, ಹೇಳಿದ. ಮೂವತ್ತು ಕಿಲೋಮೀಟರ್ ಆಚೆಯ ಇನ್ನೊಂದು ಕಡೆಯಿಂದ ಮೂರನೆಯ ಸಲ ಫೋನು ಬರುತ್ತಿತ್ತು: ಮಗುವಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಬನ್ನಿ. ಹುಡುಗನ ಬಳಿ ಇನ್ನೂ ಅರ್ಧ ಗಂಟೆ ಇರಬೇಕಿತ್ತು, ಇರಲಿಲ್ಲ. ತಿರುವಿನ ರಸ್ತೆಯಲ್ಲಿ ಸಿಗ್ನಲ್ ಇರಲಿಲ್ಲ. ಸಿಗ್ನಲ್ ಬಂದಾಗ ನಾಲ್ಕು ಕರೆ ತಪ್ಪಿಹೋಗಿದ್ದವು. ಕಾರು ನಿಲ್ಲಿಸಿ ಮಾಡಿದೆ. ಎತ್ತಿಕೊಂಡಿದ್ದು ಆಯಾ. 'ಹುಡುಗ ಗೊರಕೆ ಹೊಡೆಯುತ್ತಾ ನೀಲಿಯಾಗಿಬಿಟ್ಟಿದ್ದ ಮೇಡಂ. ನೀವು ಮಾಡುವುದನ್ನು ನೋಡಿದ್ದೆನಲ್ಲ, ಹಾಗೆಯೇ ದವಡೆ ಎತ್ತಿ ಹಿಡಿದುಕೊಂಡೆ. ಈಗ ಬಣ್ಣ ಬಂದಿದೆ. ಕೈ ಬಿಡಲೇ?' ಬಿಡಬೇಡ ಎಂದೆ. ಹುಡುಗ ಉಳಿದ, ಅತ್ತ ಮಗುವೂ ಉಳಿಯಿತು. ಎರಡೂ ಕೇಸಿನ ದುಡ್ಡು ಪೂರ್ತಿ ಬಂತು. ಲೆಕ್ಕದ ಪ್ರಕಾರ ಅಂದು ನಾನು ಎಂದಿಗಿಂತ ದುಪ್ಪಟ್ಟು ದಕ್ಷಳು.

ನಿಮ್ಮ ನಮೂನೆ ನನಗೆ ಹೇಳುವುದು ಇದನ್ನೇ, ಸ್ವಾಮಿ. ಬೇಗ ಕೊಡು, ಬೇಗ ಹೊರಡು, ಇನ್ನೊಂದು ಸಾಲು ತುಂಬು. ಸಹಜವಾಗಿಯೇ ಕೆಟ್ಟವರು ಯಾರೂ ನಮ್ಮಲ್ಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಒಳ್ಳೆಯವರನ್ನೂ ರಸ್ತೆಗೆ ಅಟ್ಟುವ ಲೆಕ್ಕ ಇದು. ತಜ್ಞರ ಕೊರತೆಯಿದ್ದಾಗ ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ ಕಿರು ತರಬೇತಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ತಂದಿತು, ಆರಂಭದಲ್ಲಿ ಅದು 18 ವಾರಗಳದಾಗಿತ್ತು. ಆ ತರಬೇತಿ ಪಡೆದ ಗೆಳೆಯರು ಎಷ್ಟೋ ತಾಯಂದಿರನ್ನು ಉಳಿಸಿದ್ದಾರೆ, ಅವರ ಬಗ್ಗೆ ಹಗುರವಾಗಿ ಮಾತಾಡುವ ನನ್ನ ಸಹೋದ್ಯೋಗಿಗಳು ನನಗೆ ಇಷ್ಟವಿಲ್ಲ. ತಾಲ್ಲೂಕಿಗೆ ಇಬ್ಬರು ತಜ್ಞರು ಬೇಕೆಂಬ ಮಾತೂ ಇದೆ. ಬರಲಿ. ಆದರೆ ನಾಲ್ವರು ಬಂದರೂ ಅವರ ಕೆಲಸವನ್ನು ಸೂಜಿಗಳ ಲೆಕ್ಕದಲ್ಲೇ ಎಣಿಸಿದರೆ ಸೂಜಿಗಳೇ ಸಿಗುತ್ತವೆ.

ಇನ್ನು ನೋವು.

ಶಸ್ತ್ರಚಿಕಿತ್ಸೆಯ ರಾತ್ರಿ ನಮ್ಮ ವಾರ್ಡುಗಳಲ್ಲಿ ನೋವಿನ ಇಂಜೆಕ್ಷನ್ ಸಿಗುವುದು ಕೂಗಿದವರಿಗೆ. ಹೆಣ್ಣುಮಕ್ಕಳು ಕೂಗುವುದಿಲ್ಲ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವು ಎಂದು ಪುಸ್ತಕದ ಪ್ರಕಾರ ಕೇಳಿದರೆ 'ಇದೆ, ಪರವಾಗಿಲ್ಲ' ಎಂದು ಅತ್ತೆಯ ಮುಖ ನೋಡುತ್ತಾರೆ. ಅದಕ್ಕೆ ನಾನು ಅಂಕಿ ಕೇಳುವುದನ್ನು ಬಿಟ್ಟಿದ್ದೇನೆ. ಕೆಮ್ಮಲು ಆಗುತ್ತದೆಯೇ? ಮಗ್ಗುಲು ಬದಲಿಸಿದೆಯಾ? ಮಗುವನ್ನು ನೀನೇ ಎತ್ತಿಕೊಂಡೆಯಾ, ಯಾರಾದರೂ ಎತ್ತಿಕೊಟ್ಟರೇ? ಕೆಮ್ಮಲು ಹೆದರುವವರ ಎದೆಯಲ್ಲಿ ಕಫ ನಿಂತು ನ್ಯುಮೋನಿಯಾ ಆಗುತ್ತದೆ, ಮಲಗಿಯೇ ಇರುವವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನೋವನ್ನು ಇಳಿಸುವುದನ್ನು ಉಪಚಾರದ ಮಾತೆಂದು ಭಾವಿಸಬಾರದು, ಅದು ಚಿಕಿತ್ಸೆಯೇ.

ಬೆನ್ನುನೋವಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ನಮ್ಮ ತಾಲ್ಲೂಕಿನ ಬಾಣಂತಿಯರ ಬೆನ್ನುನೋವಿನ ಖಾತೆಯೆಲ್ಲ ನನ್ನ ಹೆಸರಿನಲ್ಲಿದೆ. ಹತ್ತು ವರ್ಷದ ಮೇಲೆ ನೀರಿನ ಕೊಡ ಎತ್ತುವಾಗ ಬಂದ ನೋವೂ 'ಆ ಸೂಜಿಯಿಂದಲೇ'. ಸೂಜಿಯ ಜಾಗ ಕೆಲವು ದಿನ ನೋಯಬಹುದು, ವರ್ಷಗಟ್ಟಲೆಯ ನೋವಿಗೆ ಸಾಮಾನ್ಯವಾಗಿ ಕಾರಣ ಬೇರೆ. ಆದರೆ ಎದ್ದು ಕೂತರೆ ಸಿಡಿಯುವ, ಮಲಗಿದರೆ ಇಳಿಯುವ ತಲೆನೋವು ಮಾತ್ರ ನಮ್ಮದೇ ಸಾಲ. ಬೆನ್ನುಹುರಿಯ ಸುತ್ತಲಿನ ದ್ರವ ಸೂಜಿಯ ರಂಧ್ರದಿಂದ ಸೋರಿದಾಗ ಬರುವಂಥದ್ದು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಈ ವಿಧಾನವನ್ನು ತನ್ನ ಮೇಲೆಯೇ ಪ್ರಯೋಗಿಸಲು ಹೋಗಿ ಅದೇ ತಲೆನೋವಿನಿಂದ ದಿನಗಟ್ಟಲೆ ಹಾಸಿಗೆ ಹಿಡಿದಿದ್ದ. ಅದಕ್ಕೆ ಚಿಕಿತ್ಸೆ ಇದೆ. ಆದರೆ ಎರಡನೆಯ ದಿನ ಅವಳನ್ನು ನೋಡುವವರು ಯಾರು? ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, 'ಶೀತ ಹತ್ತಿದೆ' ಎಂದು ಮನೆಯವರು ಕತ್ತಲ ಕೋಣೆಯಲ್ಲಿ ಮಲಗಿಸುತ್ತಾರೆ.

ಸೊಂಟದ ಮೂಳೆ ಮುರಿದ ಮುದುಕರಿಗೆ ತೊಡೆಯ ನರದ ಬಳಿ ಮದ್ದು ಬಿಟ್ಟರೆ ಹದಿನೈದು ನಿಮಿಷದಲ್ಲಿ ಮುಖದ ಗಂಟು ಬಿಚ್ಚುತ್ತದೆ. ನರವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು ಮಾಡಿದರೆ ಹೆಚ್ಚು ಸುರಕ್ಷಿತ. ನಮ್ಮಲ್ಲಿ ಅಲ್ಟ್ರಾಸೌಂಡ್ ಯಂತ್ರ ಇದೆ, ಸ್ಕ್ಯಾನಿಂಗ್ ಕೋಣೆಯಲ್ಲಿ ಬೀಗದೊಳಗೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ಯಂತ್ರ, ಅದನ್ನಿಡುವ ಜಾಗ, ಬಳಸುವವರು ಎಲ್ಲವೂ ನೋಂದಣಿಯಾಗಿರಬೇಕು. ಆ ಕಾಯ್ದೆಯ ಬಗ್ಗೆ ನನಗೆ ಗೌರವವಿದೆ, ಅದನ್ನು ಸಡಿಲಿಸಿ ಎಂದು ಹೇಳುವವರ ಸಾಲಿನಲ್ಲಿ ನಾನಿಲ್ಲ. ಆದರೆ ಎಂಬತ್ತರ ಅಜ್ಜನ ತೊಡೆ ನೋಡಲು ಕಾನೂನುಬದ್ಧವಾಗಿ ಒಂದು ಯಂತ್ರವನ್ನು ಥಿಯೇಟರಿಗೆ ನೋಂದಾಯಿಸಿಕೊಡುವುದು ಜಿಲ್ಲಾ ಮಟ್ಟದಲ್ಲಿ ಆಗಬಹುದಾದ ಕೆಲಸ. ಕಡತ ಓಡಾಡುತ್ತಿದೆ ಎಂದು ಕೇಳಿದ್ದೇನೆ. ಅಜ್ಜನಂತೂ ಓಡಾಡುತ್ತಿಲ್ಲ.

ಕ್ಯಾನ್ಸರಿನ ನೋವಿನ ಬಗ್ಗೆ ಬರೆಯುವಾಗ ನನ್ನ ಸ್ವರ ತುಸು ಗಡುಸಾಗುತ್ತದೆ, ಕ್ಷಮಿಸಿ. ನಮ್ಮೂರಿನ ಬಾಯಿ ಕ್ಯಾನ್ಸರಿನ ರೋಗಿಯೊಬ್ಬರ ಮಗ ಹದಿನೈದು ದಿನಕ್ಕೊಮ್ಮೆ ಕೂಲಿ ಬಿಟ್ಟು, ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಮಾರ್ಫಿನ್ ಮಾತ್ರೆ ತರುತ್ತಿದ್ದ. ಮಾತ್ರೆ ದುಬಾರಿಯದಲ್ಲ, ಬಸ್ಸಿನ ಖರ್ಚೇ ಅದಕ್ಕಿಂತ ಹೆಚ್ಚು. ಮಾರ್ಫಿನ್ ಹೊರದೇಶದಿಂದ ಬರಬೇಕಾದ ಮದ್ದೂ ಅಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಗಸಗಸೆ ಬೆಳೆದು ಅಫೀಮು ತೆಗೆಯುತ್ತಾರೆ, ನೀಮಚ್ ಮತ್ತು ಗಾಜಿಪುರದಲ್ಲಿ ಆ ಅಫೀಮಿನಿಂದ ಮಾರ್ಫಿನ್ ತೆಗೆಯುವ ಸರ್ಕಾರಿ ಕಾರ್ಖಾನೆಗಳಿವೆ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಹೆದರಿಕೆಯಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಸಂಸತ್ತು ಆ ಕಾಯ್ದೆಗೆ ತಿದ್ದುಪಡಿ ತಂದು, ಮಾರ್ಫಿನ್‌ನಂಥ ಅಗತ್ಯ ಮದ್ದುಗಳಿಗೆ ಹಲವು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕೆಂದಿತು. ಅಂದರೆ ಕಾನೂನು ಬಾಗಿಲು ತೆರೆದು ಹತ್ತು ವರ್ಷ ದಾಟಿದೆ. ನಾವು ಇನ್ನೂ ಹೊಸ್ತಿಲಲ್ಲಿ ನಿಂತು ಚಪ್ಪಲಿ ಎಲ್ಲಿ ಬಿಡುವುದು ಎಂದು ಯೋಚಿಸುತ್ತಿದ್ದೇವೆ.

ಪಕ್ಕದ ಕೇರಳ ನೋಡಿ. 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ನೋವು ಮತ್ತು ಉಪಶಾಮಕ ಆರೈಕೆಯ (ಗುಣವಾಗದ ಕಾಯಿಲೆಯವರ ನರಳಾಟ ತಗ್ಗಿಸುವ ಆರೈಕೆಯ) ಸಂಸ್ಥೆ ಕಟ್ಟಿದವರಲ್ಲಿ ಪ್ರಮುಖರಾದ ಡಾ. ಎಂ. ಆರ್. ರಾಜಗೋಪಾಲ್ ಅರಿವಳಿಕೆ ವೈದ್ಯರು. ಥಿಯೇಟರಿನಲ್ಲಿ ದಿನವೂ ನೋವು ನಿಲ್ಲಿಸುವ ಕೈಗೆ ಹೊರಗಿನ ನೋವು ಕಾಣದೆ ಇರಲಿಲ್ಲ. ನಮ್ಮ ಬೆಂಗಳೂರಿನಲ್ಲೂ ಕೊನೆಗಾಲದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯವಿದೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನಿಂದ ಆಚೆಗೆ ಬರುವ ಬಸ್ಸಿನಲ್ಲಿ ಮಾತ್ರೆಗಳಿಗೆ ಸೀಟು ಸಿಗುತ್ತಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಆ ಮಾನ್ಯತೆ ಕೊಡಿಸಿ, ಎರಡು ಬೀಗದ ಒಂದು ಕಪಾಟು ಕೊಡಿ. ಒಂದು ಕೀಲಿ ಫಾರ್ಮಸಿಯವರ ಬಳಿ ಇರಲಿ, ಇನ್ನೊಂದನ್ನು ನಾನು ಇಟ್ಟುಕೊಳ್ಳುತ್ತೇನೆ. ಫೆಂಟನಿಲ್ ಕೀಲಿಯನ್ನು ಇಷ್ಟು ವರ್ಷ ಕಾಪಾಡಿದವರಿಗೆ ಇದು ಹೊಸ ಭಾರವಲ್ಲ.

ಒಂದು ಅಂಕಣ ಸೇರಿಸಿದರೆ ಏನಾಗುತ್ತದೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಅವರಿಗೆ ನಮ್ಮದೇ ಹೆರಿಗೆ ಕೋಣೆಯ ದಾಖಲೆ ತೋರಿಸಿ. ಮಗು ಹುಟ್ಟಿದ ಒಂದನೆಯ ನಿಮಿಷಕ್ಕೆ, ಐದನೆಯ ನಿಮಿಷಕ್ಕೆ 'ಅಪ್ಗಾರ್' ಎಂದು ಅಂಕ ಬರೆಯುತ್ತಾರೆ. ಅದೇನೋ ಮದ್ದಿನ ಹೆಸರಿರಬೇಕು ಎಂದುಕೊಂಡ ಸಿಬ್ಬಂದಿಯನ್ನೂ ನೋಡಿದ್ದೇನೆ. ಅದು ನ್ಯೂಯಾರ್ಕಿನ ವರ್ಜೀನಿಯಾ ಅಪ್ಗಾರ್ ಎಂಬ ವೈದ್ಯೆಯ ಹೆಸರು, ಆಕೆ ಅರಿವಳಿಕೆ ತಜ್ಞೆ. ಹೆರಿಗೆಗೆ ಅರಿವಳಿಕೆ ಕೊಡುತ್ತಾ ತಲೆಯ ಬಳಿ ನಿಂತಿದ್ದ ಆಕೆಗೆ, ಎಲ್ಲರ ಕಣ್ಣೂ ತಾಯಿಯ ಮೇಲಿದ್ದಾಗ ಪಕ್ಕದಲ್ಲಿ ಮಲಗಿಸಿದ ಮಗುವನ್ನು ಕ್ರಮವಾಗಿ ನೋಡುವವರಿಲ್ಲ ಎಂಬುದು ಕಂಡಿತು. 1952ರಲ್ಲಿ ಐದು ಲಕ್ಷಣ ಆರಿಸಿದಳು: ಎದೆಬಡಿತ, ಉಸಿರು, ಸ್ನಾಯುವಿನ ಬಿಗಿ, ಮುಟ್ಟಿದರೆ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೂ ಸೊನ್ನೆಯಿಂದ ಎರಡು ಅಂಕ. ಹೊಸ ಮದ್ದಿಲ್ಲ, ಯಂತ್ರವಿಲ್ಲ. ಬರೆಯಲೇಬೇಕಾದ್ದರಿಂದ ನೋಡಲೇಬೇಕಾಯಿತು, ನೋಡಿದ್ದರಿಂದ ನೀಲಿಗಟ್ಟಿದ ಮಗುವಿನ ಕಡೆಗೆ ಕೈ ಓಡಿತು. ಇಂದು ನಿಮ್ಮ ಇಲಾಖೆಯ ಯಾವ ಹೆರಿಗೆ ಕೋಣೆಯೂ ಆ ಅಂಕಣವಿಲ್ಲದೆ ದಾಖಲೆ ಬರೆಯುವುದಿಲ್ಲ.

ನಾನು ಕೇಳುವುದು ಅಷ್ಟೇ ಅಗ್ಗದ್ದು. ನಮೂನೆಗೆ ನಾಲ್ಕು ಅಂಕಣ ಸೇರಿಸಿ. ಹಿಂದಿನ ದಿನ ರೋಗಿಯನ್ನು ನೋಡಿದ ಸಮಯ. ಥಿಯೇಟರಿಗೆ ಬಂದ ಸಮಯ. ಆಸ್ಪತ್ರೆ ಬಿಟ್ಟ ಸಮಯ. ಮರುದಿನದ ನೋವು. ಗೌರವಧನವನ್ನು ಈ ಸಮಯಕ್ಕೆ ಕಟ್ಟಿ, ರೋಗಿಯ ಹಿತಕ್ಕಾಗಿ ಮುಂದೂಡಿದ ಕೇಸಿಗೂ ಒಂದು ಸಾಲು ಇರಲಿ. ಕರೆಯ ಮೇಲೆ ಬರುವವರಿಗೂ, ಕಾಯಂ ಇರುವವರಿಗೂ ಇದೇ ನಮೂನೆ ಇರಲಿ.

ಪ್ರತಿ ಅಕ್ಟೋಬರ್ 16ಕ್ಕೆ ವಿಶ್ವ ಅರಿವಳಿಕೆ ದಿನ ಬರುತ್ತದೆ. 1846ರ ಆ ದಿನ ಬಾಸ್ಟನ್‌ನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಕೊಟ್ಟು, ಸಾರ್ವಜನಿಕರೆದುರು ನೋವಿಲ್ಲದ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿದ. ಅದರ ನೆನಪಿಗೆ ಒಮ್ಮೆ ನನಗೂ ಶಾಲು ಹೊದಿಸಿದರು. ಹೊದಿಸುತ್ತಿರುವಾಗಲೇ ಫೋನು ಬಂದು, ಶಾಲಿನಲ್ಲೇ ಕಾರು ಹತ್ತಿದೆ. ಈ ವರ್ಷ ಶಾಲಿನ ಬದಲು ಸುತ್ತೋಲೆ ಬಂದರೆ ಸಂತೋಷ.

ಕಳೆದ ಕೆಲವು ತಿಂಗಳಿಂದ ನಮೂನೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಾನೇ ಬರೆಯುತ್ತಿದ್ದೇನೆ. 'ಅನಗತ್ಯ ಬರಹ, ಅಳಿಸಿ ಮರುಸಲ್ಲಿಸಿ' ಎಂದು ಎರಡು ಸಲ ವಾಪಸು ಬಂತು. ಈ ತಿಂಗಳೂ ಬರೆದಿದ್ದೇನೆ. ಕೊನೆಯ ಸಾಲಿನ ಅಂಚಿನಲ್ಲಿರುವುದನ್ನು ಇಲ್ಲಿ ಇಳಿಸಿದ್ದೇನೆ:

'ರಾತ್ರಿ 1.40ಕ್ಕೆ ಬಂದೆ. ಮುಂಚೆ ನೋಡಲು ಆಗಲಿಲ್ಲ, ತುರ್ತು. ಸಂಜೆ ಏಳಕ್ಕೆ ಒಂದು ಲೋಟ ಹಾಲು ಕುಡಿದಿದ್ದಳು, ಅತ್ತೆ ಒಪ್ಪಿಕೊಂಡರು. ಸ್ಪೈನಲ್. ಒತ್ತಡ ಎರಡು ಸಲ ಇಳಿಯಿತು, ಮದ್ದು ಕೊಟ್ಟೆ. ಹೆಣ್ಣು ಮಗು, ಅಪ್ಗಾರ್ 8, 9. ಕಾಲು ಆಡಿಸುವ ತನಕ ಇದ್ದು ಬೆಳಗಿನ 5.20ಕ್ಕೆ ಹೊರಟೆ. ಮರುದಿನ: ತಲೆನೋವಿಲ್ಲ. ಕೆಮ್ಮಿ ತೋರಿಸಿದಳು. ಮಗುವನ್ನು ತಾನೇ ಎತ್ತಿಕೊಂಡಳು.'

ಇತಿ,
ತಾಲ್ಲೂಕು ಆಸ್ಪತ್ರೆಯೊಂದರ ಅರಿವಳಿಕೆ ವೈದ್ಯೆ